ನನ್ನ ಗಂಡನಿಗೆ ಹೆಣ್ಣು ಹುಡುಕಿಕೊಟ್ಟ ಇಂಟರ್‌ಕಾಮ್ ಅವರಿಗೆ

ಸೌದಿ ಅರೇಬಿಯಾದ ಬುರೈದಾ ನಗರದ ನಮ್ಮ ಕಟ್ಟಡದ ಗೇಟಿನ ಪಕ್ಕದ ಗೋಡೆಯಲ್ಲಿ, ಬಿಸಿಲು ಧೂಳುಗಳನ್ನು ಲೆಕ್ಕಿಸದೆ, ಒಂದು ತಿರುಪು ಉದುರಿ ಎಡಕ್ಕೆ ವಾಲಿದ್ದರೂ ಗಾಂಭೀರ್ಯವನ್ನು ಮಾತ್ರ ಉದುರಿಸಿಕೊಳ್ಳದೆ ವಿರಾಜಮಾನರಾಗಿರುವ ಇಂಟರ್‌ಕಾಮ್ ಮಹಾಶಯರ ಸನ್ನಿಧಿಗೆ, ಮೂರನೇ ಮಹಡಿಯ ಎಡಗಡೆ ಮನೆಯ ಗೃಹಿಣಿಯ ಸಲಾಮುಗಳು, ನಮಸ್ಕಾರಗಳು, ಮತ್ತು ಇವೆರಡೂ ತಮ್ಮ ಮೂಲಕ ಹಾದುಹೋಗುವಾಗ ಏನಾಗಿ ಮಾರ್ಪಡುತ್ತವೋ ಅದೂ ಸಲ್ಲಲಿ.

ಮಾನ್ಯರೇ,

ನನ್ನ ಗಂಡನಿಗೆ ಗೊತ್ತುಮಾಡಿದ್ದ ಹೆಣ್ಣು ಕಳೆದ ಶನಿವಾರ ಸಂಜೆ ಕೈತಪ್ಪಿತು. ಈ ಸುದ್ದಿಯನ್ನು ಕಟ್ಟಡದ ಎಲ್ಲ ಮನೆಗಳಿಗೂ ತಲುಪಿಸಿದವರು ನೆಲಮಹಡಿಯಲ್ಲಿರುವ ಮಾಲೀಕರ ಪತ್ನಿ ಉಮ್ ಫಹದ್. ಹೆಣ್ಣಿನ ಕಡೆಯವರು ಬಂದದ್ದು, ಕುಳಿತದ್ದು, ಏಲಕ್ಕಿ ಕಾಫಿ ಕುಡಿದದ್ದು ಎಲ್ಲವೂ ನಮ್ಮ ಮನೆಯಲ್ಲೇ; ಬಟ್ಟಲು ಹಿಡಿದು ಉಪಚಾರ ಮಾಡಿದವಳು ವರನ ಹೆಂಡತಿಯಾದ ನಾನೇ. ಇಷ್ಟಕ್ಕೆಲ್ಲ ಮೂಲಪುರುಷರಾದ ತಾವು ಮಾತ್ರ ಆ ಹೊತ್ತಿನಲ್ಲೂ ಗೇಟಿನ ಬಳಿ ಏನೂ ಅರಿಯದವರಂತೆ ಗುಂಯ್‌ಗುಡುತ್ತಿದ್ದಿರೆಂದು ತಿಳಿದುಬಂದಿದೆ. ಆ ಕುರಿತು ಈ ದೂರು.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಆದರೆ ಬರುವ ಅರಬ್ಬಿಯಲ್ಲಿ ತಾವು ತೋರಿಸಿರುವ ಸಾಮರ್ಥ್ಯವನ್ನು ಕಂಡ ಮೇಲೆ, ತಮಗೆ ಬಾರದ ಭಾಷೆಯಲ್ಲಿ ವ್ಯವಹರಿಸುವುದೇ ಎಲ್ಲರಿಗೂ ಕ್ಷೇಮವೆಂದು ತೋರಿತು.

ದೂರಿಗೆ ಮುಂಚೆ ತಮ್ಮ ಉಪಕಾರಗಳನ್ನು ನೆನೆಯದಿದ್ದರೆ ನಾನು ಕೃತಘ್ನಳಾದೇನು. ನಾಲ್ಕು ತಿಂಗಳ ಹಿಂದೆ ರಾಣೆಬೆನ್ನೂರಿನಿಂದ ನಾನು ಇಲ್ಲಿಗೆ ಬಂದಿಳಿದಾಗ ಈ ಊರಿನಲ್ಲಿ ನನ್ನೊಡನೆ ಮಾತನಾಡಲು ತಯಾರಿದ್ದವರು ಇಬ್ಬರೇ: ಒಬ್ಬರು ನನ್ನ ಗಂಡ ಮುಜೀಬ್, ಇನ್ನೊಬ್ಬರು ತಾವು. ಮುಜೀಬ್ ಅವರು ಖರ್ಜೂರ ಪ್ಯಾಕ್ ಮಾಡುವ ಕಾರ್ಖಾನೆಯೊಂದರಲ್ಲಿ ಶೈತ್ಯಾಗಾರದ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ಬೆಳಕು ಹರಿಯುವ ಮುಂಚೆ ಹೋದರೆ ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಬರುತ್ತಾರೆ. ನಡುವಿನ ಇಡೀ ಹಗಲು ತಮ್ಮದು. ನೀರಿನ ಕ್ಯಾನಿನವನು, ಗ್ಯಾಸಿನವನು, ಯಾರದೋ ಮನೆಯ ರೊಟ್ಟಿಯನ್ನು ನನಗೆ ಕೊಡಲು ಹಟ ಹಿಡಿಯುವವನು, ಎಲ್ಲರೂ ತಮ್ಮ ಮೂಲಕವೇ ಬರಬೇಕು. ಗಂಡಸರಿಲ್ಲದ ಮನೆಯ ಬಾಗಿಲು ಇಲ್ಲಿ ತೆರೆಯುವುದಿಲ್ಲವಾದ್ದರಿಂದ ನಾನು ತಮ್ಮನ್ನು ಕೇಳುತ್ತೇನೆ, ತಾವು ಅವರನ್ನು ಕೇಳುತ್ತೀರಿ, ಅವರು ಹೇಳಿದ್ದನ್ನು ಬಿಟ್ಟು ಇನ್ನೇನನ್ನೋ ತಾವು ನನಗೆ ತಿಳಿಸುತ್ತೀರಿ. ನೀರು ಬೇಡ, ನಾಳೆ ಬಾ ಎಂದದ್ದಕ್ಕೆ ಆತ ಎರಡು ಕ್ಯಾನು ಹೆಚ್ಚಿಗೆ ಇಳಿಸಿ ದುವಾ ಮಾಡಿ ಹೋದದ್ದು ತಮಗೆ ನೆನಪಿರಬಹುದು. ಮರಳುನಾಡಿನಲ್ಲಿ ನನ್ನ ಮನೆಯಲ್ಲಿ ನೀರಿಗೆ ಕೊರತೆಯಾಗದಂತೆ ನೋಡಿಕೊಂಡ ಕೀರ್ತಿ ತಮ್ಮದು.

ಈಗ ವಿಷಯಕ್ಕೆ ಬರುತ್ತೇನೆ. ಬಂದ ಮಾರನೆಯ ದಿನವೇ ನನ್ನ ಗಂಡ ತಮ್ಮ ಬಳಕೆಯ ನಿಯಮಗಳನ್ನು ನನಗೆ ಕಲಿಸಿದರು. ಅದರಲ್ಲಿ ಮುಖ್ಯವಾದದ್ದು, ಇಲ್ಲಿ ಹೆಂಗಸರು ಬಾಗಿಲಲ್ಲಿ ತಮ್ಮ ಹೆಸರು ಹೇಳುವುದಿಲ್ಲ ಎಂಬುದು. ಯಾರು ಎಂದು ಕೇಳಿದರೆ ಮುಜೀಬ್ ಎಂದುಬಿಡು, ಬೇರೆ ಏನೂ ಬೇಡ ಎಂದು ಅವರು ಎರಡು ಸಲ ಹೇಳಿದರು. 'ಮೀನ್' ಎಂದರೆ ಅರಬ್ಬಿಯಲ್ಲಿ 'ಯಾರು' ಎಂಬುದನ್ನೂ ಬಾಯಿಪಾಠ ಮಾಡಿಸಿದರು. ಆ ಪಾಠ ಅಗತ್ಯವಾಗಿತ್ತು, ಏಕೆಂದರೆ ಹಿಂದಿನ ದಿನ ಗೇಟಿನಿಂದ ಯಾರೋ 'ಮೀನ್?' ಎಂದಾಗ, ಇಷ್ಟು ಬೆಳಿಗ್ಗೆಯೇ ಮನೆ ಬಾಗಿಲಿಗೆ ಮೀನು ಬರುತ್ತದಲ್ಲ ಎಂದು ಸಂತೋಷಪಟ್ಟು, ನಾನು ಬುಟ್ಟಿ ಹಿಡಿದುಕೊಂಡು ನಿಂತಿದ್ದೆ.

ಮೂರನೆಯ ದಿನ ಉಮ್ ಫಹದ್ ಅವರು ಹೊಸ ಬಾಡಿಗೆದಾರರ ಯೋಗಕ್ಷೇಮ ವಿಚಾರಿಸಲು ನೆಲಮಹಡಿಯಿಂದ ತಮ್ಮ ಗುಂಡಿಯನ್ನು ಒತ್ತಿದರು. ಇಲ್ಲಿ ಹೆಂಗಸನ್ನು ಆಕೆಯ ಹಿರಿಯ ಮಗನ ಹೆಸರಿನಿಂದ ಕರೆಯುವುದು ರೂಢಿ; ಇಂಥವನ ತಾಯಿ ಎಂದರೆ ಆಯಿತು, ಹೆಸರಿನ ಗೊಡವೆಯಿಲ್ಲ. ಆದ್ದರಿಂದ ಅವರು ಅತ್ಯಂತ ಸಹಜವಾಗಿ 'ಉಮ್ ಮೀನ್?' ಅಂದರೆ 'ನೀನು ಯಾರ ತಾಯಿ?' ಎಂದು ಕೇಳಿದರು. ಆದರೆ ಮಾನ್ಯರೇ, ತಾವು ಯಾವ ಮಾತನ್ನೇ ದಾಟಿಸುವ ಮುಂಚೆಯೂ ಶ್ರುತಿ ಹಿಡಿಯುವ ಹಿರಿಯ ವಿದ್ವಾಂಸರಂತೆ 'ಉಮ್ಮ್' ಎಂದು ಗುಂಯ್‌ಗುಡುವವರು. ನೀರಿನವನಿಗೂ ಉಮ್ಮ್, ಗ್ಯಾಸಿನವನಿಗೂ ಉಮ್ಮ್. ಹೀಗಾಗಿ ಆ ಮೊದಲ 'ಉಮ್' ಅನ್ನು ನಾನು ತಮ್ಮ ಖಾತೆಗೆ ಹಾಕಿ, ಉಳಿದ 'ಮೀನ್' ಅನ್ನಷ್ಟೇ ಅವರ ಪ್ರಶ್ನೆಯೆಂದು ತಿಳಿದು, ಗಂಡ ಹೇಳಿಕೊಟ್ಟಂತೆ ವಿನಯದಿಂದ 'ಮುಜೀಬ್' ಎಂದೆ. ಆ ಕ್ಷಣದಿಂದ ನಾನು ಉಮ್ ಮುಜೀಬ್, ಮುಜೀಬನ ತಾಯಿ.

ಇಲ್ಲಿ ತಾವು ಎದ್ದು ನಿಂತು, ಮುಖಾಮುಖಿ ಕರೆದಾಗಲಾದರೂ ನಿನಗೆ ತಿಳಿಯಬೇಕಿತ್ತಲ್ಲ ಎಂದು ಆಕ್ಷೇಪಿಸಬಹುದು. ಉಮ್ ಎಂದರೆ ಅಮ್ಮ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು. ನಮ್ಮ ಕಡೆ ಡಾಕ್ಟರರ ಹೆಂಡತಿಯನ್ನು ಡಾಕ್ಟರ ಅಮ್ಮಾವ್ರು ಎನ್ನುತ್ತೇವೆ, ಸಾಹುಕಾರರ ಹೆಂಡತಿಯನ್ನು ಸಾಹುಕಾರ ಅಮ್ಮಾವ್ರು ಎನ್ನುತ್ತೇವೆ. ಆಕೆ ಡಾಕ್ಟರರನ್ನು ಹೆತ್ತಳೇ ಎಂದು ಯಾರೂ ವಿಚಾರಿಸುವುದಿಲ್ಲ. ಹಾಗೆಯೇ ಉಮ್ ಮುಜೀಬ್ ಎಂದರೆ ಮುಜೀಬರ ಮನೆಯ ಅಮ್ಮಾವ್ರು ಎಂದು ಅರ್ಥ ಮಾಡಿಕೊಂಡು, ಎಷ್ಟು ಗೌರವಸ್ಥ ಜನ ಎಂದು ಊರಿಗೆ ಫೋನ್ ಮಾಡಿ ಹೇಳಿದೆ. ಇದು ನನ್ನ ಪಾಲಿನ ತಪ್ಪು. ಉಳಿದ ಪಾಲನ್ನು ತಾವು ದಯವಿಟ್ಟು ಸ್ವೀಕರಿಸಬೇಕು.

ಪ್ರತಿ ಮಂಗಳವಾರ ಅಸರ್ ಆದ ಮೇಲೆ ಉಮ್ ಫಹದ್ ಅವರ ಒಳಕೋಣೆಯಲ್ಲಿ ಕಟ್ಟಡದ ಹೆಂಗಸರು ಸೇರುತ್ತಾರೆ. ಮೊದಲ ಮಂಗಳವಾರವೇ ನನ್ನನ್ನು ಉಮ್ ಫಹದ್ ಅವರ ಬಲಗಡೆ ಕೂರಿಸಿ, ಕಾಫಿಯ ಮೊದಲ ಬಟ್ಟಲನ್ನು ನನಗೇ ಕೊಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರಾದ, ಎರಡನೇ ಮಹಡಿಯ ಸುಡಾನಿನ ಶಿಕ್ಷಕಿ ಉಮ್ ಸಿರಾಜ್ ಅವರಿಗೆ ನನ್ನ ನಂತರ ಬಟ್ಟಲು ಬಂತು. ದುಡಿಯುವ ಗಂಡುಮಗನ ತಾಯಿಗೆ ಸಲ್ಲುವ ಮರ್ಯಾದೆ ಅದೆಂದು ತಿಳಿಯದೆ, ಹೊಸಬಳೆಂದು ಹೀಗೆ ಮಾಡುತ್ತಾರೆಂದುಕೊಂಡೆ. ಅವರ ಅರಬ್ಬಿಯಲ್ಲಿ ನಾಲ್ಕಕ್ಕೆ ಒಂದು ಮಾತು ಹಿಡಿದು ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಆದ್ದರಿಂದ ಈ ಪತ್ರದಲ್ಲಿ ಅವರು ರಾಣೆಬೆನ್ನೂರಿನವರಂತೆ ಮಾತನಾಡಿದರೆ ತಾವು ಆಶ್ಚರ್ಯಪಡಬಾರದು. ನನ್ನ ಕಿವಿಗೆ ಅವರು ಬಂದದ್ದೇ ಹಾಗೆ.

ಒಂದು ದಿನ ಉಮ್ ಸಿರಾಜ್ ಅವರು ಅಬು ಮುಜೀಬ್, ಅಂದರೆ ಮುಜೀಬನ ತಂದೆ, ಎಲ್ಲಿದ್ದಾರೆ ಎಂದು ಕೇಳಿದರು. ಮುಜೀಬರ ತಂದೆ ತೀರಿಕೊಂಡು ಎರಡು ವರ್ಷವಾಯಿತೆಂದು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಾವನವರು ಒಳ್ಳೆಯ ಮನುಷ್ಯ. ನೆನೆದು ಕಣ್ಣಲ್ಲಿ ನೀರೂ ಬಂತು. ಇಡೀ ಕೋಣೆ ಎದ್ದು ಬಂದು ನನ್ನನ್ನು ತಬ್ಬಿಕೊಂಡಿತು. ಆ ವಾರವೆಲ್ಲ ನಮ್ಮ ಮನೆಗೆ ನುಚ್ಚಿನ ಜರೀಶ್ ಬಂತು, ಕುರಿಮಾಂಸದ ಅನ್ನ ಬಂತು. ಸತ್ತ ಮಾವನಿಗಾಗಿ ಇಷ್ಟು ಮರುಗುವ ಜನರನ್ನು ನಾನೆಲ್ಲೂ ಕಂಡಿರಲಿಲ್ಲ. ತಾವು ನನ್ನನ್ನು ವಿಧವೆ ಮಾಡಿದ್ದೀರೆಂಬ ಸುಳಿವೇ ಇಲ್ಲದೆ ನಾನೂ ನನ್ನ ಗಂಡನೂ ಕೂತು ಆ ಅನ್ನವನ್ನು ಬೆರಳು ನೆಕ್ಕಿಕೊಂಡು ತಿಂದೆವು.

ಮೂವತ್ತೊಂದು ವರ್ಷದ ನಾನು ಮೂವತ್ತನಾಲ್ಕು ವರ್ಷದ ಮಗನನ್ನು ಹೇಗೆ ಪಡೆದೆನೆಂಬ ಬಗ್ಗೆಯೂ ಅಲ್ಲಿ ಚರ್ಚೆಯಾಗಿದೆಯೆಂದು ಈಗ ಮೂಲಗಳಿಂದ ತಿಳಿಯುತ್ತಿದೆ. ಮುಜೀಬರ ಮುಖವನ್ನು ಯಾರೂ ನೋಡಿರಲಿಲ್ಲ. ಹೆಂಗಸರಿದ್ದರೆ ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ, ಹಾಗಾಗಿ ಎಲ್ಲರಿಗೂ ಗೊತ್ತಿದ್ದದ್ದು ಅವರ ಬೆನ್ನು. ಬೆನ್ನಿನ ಆಧಾರದ ಮೇಲೆ ವಯಸ್ಸು ಇಪ್ಪತ್ತೈದೆಂದು ನಿಗದಿಯಾಯಿತು. ನಾನು ಮಲತಾಯಿಯೆಂದೂ, ಮಲಮಗನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಹೆಂಗಸು ಹಿಂದೂಸ್ತಾನದಲ್ಲಿ ಇನ್ನೊಬ್ಬಳಿಲ್ಲವೆಂದೂ ತೀರ್ಮಾನವಾಯಿತು.

ಆದರೆ ಮಾನ್ಯರೇ, ನಾನು ತಾಯಿಯೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದವರು ತಾವು. ಗೇಟಿನವರೊಡನೆ ಒಂದು ಮನೆಯವರು ಆಡಿದ ಮಾತನ್ನು ಉಳಿದೆಲ್ಲ ಮನೆಗಳಿಗೂ ಸಮನಾಗಿ ಹಂಚುವ ಉದಾರಗುಣ ತಮ್ಮಲ್ಲಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಬೈಯುವುದು ಮಾತ್ರ ಪೂರ್ತಿ ಕನ್ನಡ. ಸಂಜೆ ನನ್ನ ಗಂಡ ಗೇಟಿನಲ್ಲಿ ನಿಂತು ಗುಂಡಿ ಒತ್ತಿದಾಗ ನಾನು ಮೇಲಿನಿಂದ, "ರೀ, ಕೊತ್ತಂಬ್ರಿ ತಂದ್ರೇನು? ನಿನ್ನೇನೂ ಮರ್ತ್ರಿ. ಎಷ್ಟ್ ಸಲ ಹೇಳ್ಬೇಕ್ರಿ ನಿಮಗ?" ಎನ್ನುತ್ತಿದ್ದೆ. ಅವರು, "ತಂದೀನಿ ಮಾರಾಯ್ತಿ, ಬಾಗ್ಲಾ ತಗಿ ಮೊದ್ಲ" ಎನ್ನುತ್ತಿದ್ದರು. ನನ್ನ 'ರೀ' ಎಂಬ ಬಹುವಚನವನ್ನೂ, ಅದರೊಳಗಿನ ಮರ್ಯಾದೆಯನ್ನೂ ತಾವು ಅಲ್ಲೇ ಅರಗಿಸಿಕೊಂಡು, ಬೈಗುಳದ ರಾಗವನ್ನಷ್ಟೇ ಮೂರೂ ಮಹಡಿಗಳಿಗೆ ಬಡಿಸಿದಿರಿ. ಆ ರಾಗದಲ್ಲಿ ಯಾವ ಹೆಂಡತಿಯೂ ಮಾತನಾಡಲಾರಳೆಂದು ಎಲ್ಲರೂ ಒಪ್ಪಿದರು. ಅಷ್ಟು ಬೈಸಿಕೊಂಡೂ ಸೊಪ್ಪು ತರುವ, ಕಸದ ಚೀಲ ಹೊತ್ತೊಯ್ಯುವ ಹುಡುಗ ಚಿನ್ನದಂಥವನೆಂದು, ಅಂಥವನಿಗೊಂದು ಹೆಣ್ಣು ನೋಡುವುದು ಪುಣ್ಯದ ಕೆಲಸವೆಂದು ಉಮ್ ಫಹದ್ ಅವರು ನಿರ್ಧರಿಸಿದರು.

ಹೆಣ್ಣು ದೂರದಲ್ಲಿರಲಿಲ್ಲ. ಉಮ್ ಸಿರಾಜ್ ಅವರ ತಂಗಿ ಇಖ್ಲಾಸ್, ಇಪ್ಪತ್ತಾರು ವರ್ಷ, ಅಕ್ಕನ ಮನೆಯಲ್ಲೇ ಇದ್ದುಕೊಂಡು ಹಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಆ ಶನಿವಾರಕ್ಕೆ ಮುಂಚಿನ ಮಂಗಳವಾರ ಕಾಫಿಯ ಎರಡನೇ ಸುತ್ತಿನಲ್ಲಿ ಉಮ್ ಫಹದ್ ಅವರು ನನ್ನ ಕೈ ಹಿಡಿದು, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ, "ನಿನ್ನ ಮಗಗ ಹೆಣ್ಣ ಸಿಕ್ಕೈತಿ. ನೀ ಹೂಂ ಅನ್ನು, ಉಳಿದದ್ದ ನನಗ ಬಿಡು" ಎಂದರು. ಮಗ ಎಂಬ ಪದ ನಾನು ಬಲ್ಲ ಪದಗಳಲ್ಲೊಂದು. ನಾಲ್ಕು ತಿಂಗಳ ಜರೀಶು, ಕಣ್ಣೀರು, ಮೊದಲ ಬಟ್ಟಲು ಎಲ್ಲದರ ಅರ್ಥ ಒಮ್ಮೆಗೇ ಆಯಿತು.

ಸತ್ಯ ಹೇಳಲು ನಾನು ತಡಮಾಡಲಿಲ್ಲವೆಂಬುದು ದಾಖಲಾಗಲಿ. ಅಲ್ಲೇ, ಆಗಲೇ, ಮುಜೀಬ್ ನನ್ನ ಗಂಡ ಎಂದೆ. ಇಲ್ಲಿಯ ಆಡುಮಾತಿನಲ್ಲಿ 'ರಜ್ಲಿ' ಎಂದರೆ ನನ್ನ ಗಂಡ, 'ರಿಜ್ಲಿ' ಎಂದರೆ ನನ್ನ ಕಾಲು. ಗಾಬರಿಯಲ್ಲಿ ನನ್ನ ನಾಲಿಗೆ ಕಾಲನ್ನು ಆರಿಸಿಕೊಂಡಿತು. ಮುಜೀಬ್ ನನ್ನ ಕಾಲು ಎಂದದ್ದನ್ನು ಕೇಳಿ ಉಮ್ ಫಹದ್ ಅವರು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಆ ಕಾಲು ನಿನ್ನನ್ನು ಕೊನೆವರೆಗೂ ಹೊರಲಿ, ಸೊಸೆ ಬಂದರೆ ಎರಡನೇ ಕಾಲೂ ಬಂದಂತೆ ಎಂದು ಹರಸಿದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ಆಮೇಲೆ ಗಂಭೀರವಾಗಿ, "ಹುಡುಗಿ ಏನ್ ಓದ್ಯಾಳಂತ, ಅಮ್ಮಾ?" ಎಂದು ಕೇಳಿದರು. ಆ ರಾತ್ರಿ ಅವರಿಗೆ ಊಟವನ್ನು ಅವರ ತಾಯಿ ಬಡಿಸಲಿಲ್ಲ, ಹೆಂಡತಿಯೂ ಬಡಿಸಲಿಲ್ಲ. ಮರುದಿನ ಅವರೇ ತಪ್ಪೊಪ್ಪಿಕೊಂಡು, ಆಡುಮಾತಿನ ಸಹವಾಸ ಬೇಡ, ಪುಸ್ತಕದ ಅರಬ್ಬಿಯಲ್ಲಿ 'ಜೌಜಿ' ಎನ್ನು, ಅದಕ್ಕೆ ಗಂಡ ಎಂಬುದೊಂದೇ ಅರ್ಥ ಎಂದು ಹೇಳಿಕೊಟ್ಟರು. ಉಮ್ ಫಹದ್ ಅವರ ಮನೆಯಲ್ಲಿ ಆ ಹೊತ್ತು ಗಂಡಸು ನೆಂಟರಿದ್ದುದರಿಂದ ನಾನು ಕೆಳಗೆ ಹೋಗುವಂತಿರಲಿಲ್ಲ. ಅನಿವಾರ್ಯವಾಗಿ ತಮ್ಮ ಮೊರೆಹೊಕ್ಕೆ. ಗುಂಡಿ ಒತ್ತಿ, ಸ್ಪಷ್ಟವಾಗಿ 'ಮುಜೀಬ್ ಜೌಜಿ' ಎಂದೆ. ತಾವು ಎಂದಿನಂತೆ ನಡುವೆ ಒಮ್ಮೆ ಬಿಕ್ಕಿದಿರಿ. ತಮ್ಮ ಆ ಬಿಕ್ಕಳಿಕೆ ದಾಟಿ ಅದು ಕೆಳಗೆ ತಲುಪಿದ್ದು 'ಜವ್ವಿಜಿ' ಎಂದು. ಜವ್ವಿಜಿ ಎಂದರೆ, ತಮಗೆ ತಿಳಿದೇ ಇರುವಂತೆ, ಮದುವೆ ಮಾಡಿಸು. "ಇಷ್ಟ್ ಅವಸರ ಐತೇನು? ಆಗ್ಲಿ, ಶನಿವಾರ ಅವರನ್ನ ನಿಮ್ಮನಿಗೆ ಕರ್ಕೊಂಡ ಬರ್ತೀನಿ" ಎಂದು ಉಮ್ ಫಹದ್ ಅವರು ಸಂತೋಷದಿಂದ ಉತ್ತರಿಸಿದರು. ಇದನ್ನು ಮಾತ್ರ ತಾವು ಒಂದಕ್ಷರವೂ ತಪ್ಪದಂತೆ ತಲುಪಿಸಿದಿರಿ.

ಗುರುವಾರ ಮಧ್ಯಾಹ್ನ ತಾವು ಮತ್ತೆ ಗುಂಯ್‌ಗುಟ್ಟಿದಿರಿ. ಗೇಟಿನಲ್ಲಿ ಆಸ್ಪತ್ರೆಯಿಂದ ಮರಳುತ್ತಿದ್ದ ಇಖ್ಲಾಸ್. ಆಕೆ ಮಾತನಾಡಿದ್ದು ಹಿಂದಿಯಲ್ಲಿ. ಸುಡಾನಿನವರು ನಮ್ಮ ಹಿಂದಿ ಸಿನಿಮಾಗಳನ್ನು ನಮಗಿಂತ ಶ್ರದ್ಧೆಯಿಂದ ನೋಡುತ್ತಾರೆಂದು ಕೇಳಿದ್ದೆ. ಮಾತು ಕಲಿಯುವಷ್ಟು ನೋಡುತ್ತಾರೆಂದು ಗೊತ್ತಿರಲಿಲ್ಲ. ಆಕೆ ಪೀಠಿಕೆಯಿಲ್ಲದೆ, "ಅಕ್ಕಾ, ಅಂವ ನಿನ್ನ ಮಗ ಅಲ್ಲ" ಎಂದಳು. ಹೋದ ತಿಂಗಳು ಸಂಬಳದ ದಿನ ನನ್ನ ಗಂಡ ಗೇಟಿನಲ್ಲಿ ನಿಂತು ತಮ್ಮ ಕಿವಿಯಲ್ಲಿ ಯಾವುದೋ ಹಳೆಯ ಹಿಂದಿ ಸಿನಿಮಾ ಹಾಡು ಗುನುಗಿದ್ದರಂತೆ. ಬೇರೆ ಮನೆಗಳವರು ಅದನ್ನು ಹಿಂದೂಸ್ತಾನದ ದೇವರ ಪದವೆಂದು ತಿಳಿದು ಮೌನವಾಗಿ ಆಲಿಸಿದರಂತೆ. "ಯಾವ ಮಗಾನೂ ತಾಯಿಗೆ ಜಾನೇಮನ್ ಅನ್ನೂದಿಲ್ಲ" ಎಂದಳು ಇಖ್ಲಾಸ್.

ಈ ಮಾತುಗಳನ್ನೂ ತಾವು ಮೂರೂ ಮಹಡಿಗಳಿಗೆ ಪ್ರಸಾರ ಮಾಡಿದಿರಿ, ಆದರೆ ಹಿಂದಿಯಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಹೀಗೆ ಇಡೀ ಕಟ್ಟಡದ ಎದುರಿಗೇ ನಾವಿಬ್ಬರೂ ಗುಟ್ಟು ಮಾತನಾಡಿದೆವು. ಆಕೆಗೆ ಈಗ ಮದುವೆ ಬೇಡ; ರಿಯಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತರಬೇತಿಗೆ ಸೇರುವ ಆಸೆ. ಈಗಾಗಲೇ ಇಬ್ಬರನ್ನು ಬೇಡವೆಂದಿದ್ದಾಳೆ. ಹಾಗಾದರೆ ನೀನೇ ಅಕ್ಕನಿಗೆ ನಿಜ ಹೇಳಿಬಿಡು ಎಂದೆ. "ನಾ ಹೇಳಿದ್ರ ಮೂರನೇ ನೆಪ ಅಂತಾರ. ಹುಡುಗ ಒಲ್ಲೆ ಅಂದ್ರ ಬ್ಯಾಡಾದ ಹೆಣ್ಣು ಅಂತಾರ. ನೀನ ಹೇಳ್ಬೇಕು, ಎಲ್ಲಾರ ಮುಂದ" ಎಂದಳು. ಮಾತಿಗೆ ತೊಡಕಾದರೆ ತಾನೇ ಅರಬ್ಬಿಗೆ ತಿರುಗಿಸುವುದಾಗಿಯೂ ಹೇಳಿದಳು.

ನಾನು ಹೂಂ ಎನ್ನಲು ತಡವರಿಸಿದೆ. ಅದರ ಕಾರಣವನ್ನು ತಮಗೆ ಹೇಳಿಯೇಬಿಡುತ್ತೇನೆ, ಹೇಗಿದ್ದರೂ ತಾವು ಅದನ್ನು ತಿರುಚಿಯೇ ದಾಟಿಸುವವರು. ನಮ್ಮ ಮದುವೆಯಾಗಿ ಆರು ವರ್ಷ. ಊರಿನಲ್ಲಿ ನಾನು ಯಾವ ಮದುವೆಗೆ ಹೋದರೂ, ಯಾವ ತೊಟ್ಟಿಲಿಗೆ ಹೋದರೂ, ಹೊಟ್ಟೆಯ ಕಡೆ ನೋಡಿಯೇ ಮುಖದ ಕಡೆ ನೋಡುತ್ತಿದ್ದರು. ಏನೂ ವಿಶೇಷ ಇಲ್ಲೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನಾನು ತೊಟ್ಟಿಲುಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಇಲ್ಲಿ ನಾಲ್ಕು ತಿಂಗಳು ಯಾರೂ ಅದನ್ನು ಕೇಳಲಿಲ್ಲ. ಪರರ ವಿಚಾರಕ್ಕೆ ತಲೆ ಹಾಕದ ಜನ ಎಂದು ನಾನು ಅವರನ್ನು ಮೆಚ್ಚಿಕೊಂಡೆ. ಅವರು ಕೇಳದಿದ್ದದ್ದು ತಾವು ನನಗೆ ಆರಡಿ ಎತ್ತರದ ಮಗನೊಬ್ಬನನ್ನು ದಯಪಾಲಿಸಿದ್ದರಿಂದ. ಸತ್ಯ ಹೇಳಿದರೆ ಬಲಗಡೆಯ ಜಾಗ ಹೋಗುತ್ತದೆ, ಮೊದಲ ಬಟ್ಟಲು ಹೋಗುತ್ತದೆ, ಅವು ಹೋದರೆ ಹೋಗಲಿ. ಆದರೆ ಆ ಪ್ರಶ್ನೆ ಲಿಫ್ಟು ಹತ್ತಿ ಮೂರನೇ ಮಹಡಿಗೆ ಬರುತ್ತದೆ. ಹೇಳದಿದ್ದರೆ ಒಬ್ಬ ಹುಡುಗಿ ನನ್ನ ಗಂಡನಿಗಾಗಿ ಅಲಂಕಾರ ಮಾಡಿಕೊಂಡು ನನ್ನೆದುರು ಕೂರಬೇಕು. ಎರಡು ದಿನ ನಾನು ಯಾವ ಕರೆಗೂ ಉತ್ತರಿಸದೆ ತಮಗೆ ಬೆನ್ನು ಹಾಕಿ ಕೂತದ್ದು ಇದೇ ಲೆಕ್ಕಾಚಾರದಲ್ಲಿ.

ಶನಿವಾರ ಅಸರ್ ಆದ ಮೇಲೆ ಅವರು ಬಂದರು: ಮುಂದೆ ಉಮ್ ಫಹದ್, ಹಿಂದೆ ಮಿಠಾಯಿ ಡಬ್ಬಿ ಹಿಡಿದ ಉಮ್ ಸಿರಾಜ್, ಅವರ ಹಿಂದೆ ತುಟಿ ಕಚ್ಚಿಕೊಂಡ ಇಖ್ಲಾಸ್. ವರನನ್ನು ನಾನು ಮೊದಲೇ ಮಾರ್ಕೆಟ್ಟಿಗೆ ಅಟ್ಟಿದ್ದೆ. ಕಾಫಿ ಕೊಟ್ಟೆ, ಖರ್ಜೂರ ಇಟ್ಟೆ, ಕೈಗೆ ಒಂದು ಕೆಲಸವಿರಲೆಂದು ಮಂಡಕ್ಕಿ ಒಗ್ಗರಣೆಯನ್ನೂ ಮಾಡಿದ್ದೆ. ಉಮ್ ಫಹದ್ ಅವರು ಗಂಟಲು ಸರಿಮಾಡಿಕೊಂಡು ದೇವರ ಹೆಸರು ಹೇಳಿ ಮಾತು ಎತ್ತುವ ಮುಂಚೆ ನಾನು ಇಖ್ಲಾಸಳತ್ತ ತಿರುಗಿ ಹಿಂದಿಯಲ್ಲಿ ಎರಡೇ ಮಾತು ಹೇಳಿದೆ. ಮುಜೀಬ್ ನನ್ನ ಮಗ ಅಲ್ಲ, ಗಂಡ. ನನಗೆ ಮಕ್ಕಳಿಲ್ಲ.

ಆಕೆ ಎರಡನ್ನೂ ಅರಬ್ಬಿಯಲ್ಲಿ ಹೇಳಿದಳು. ಮೊದಲನೆಯದಕ್ಕೆ ಉಮ್ ಸಿರಾಜ್ ಅವರ ಬಟ್ಟಲು ಬಾಯಿಯ ಬಳಿ ನಿಂತಿತು. ಎರಡನೆಯದಕ್ಕೆ ನಾನೇ ಮಂಡಕ್ಕಿಯ ತಟ್ಟೆಯನ್ನು ಸುಮ್ಮನೆ ಆಚೆಯಿಂದ ಈಚೆ ಇಟ್ಟೆ. ಕಡೆಗೆ ಉಮ್ ಸಿರಾಜ್ ಅವರು, ಹಾಗಾದರೆ ಸತ್ತವರು ಯಾರು ಎಂದು ವಿಚಾರಿಸಿದರು. ನನ್ನ ಮಾವ ಎಂದೆ. ದುವಾ ಹೇಗೂ ಮಾಡಿ ಆಗಿದೆ, ಯಾರಿಗೆ ಸೇರಬೇಕೋ ಅವರಿಗೇ ಸೇರಿದೆ ಎಂದು ಅವರು ಸಮಾಧಾನಪಟ್ಟುಕೊಂಡರು. ಮದುವೆ ತಪ್ಪಿದ ದುಃಖಕ್ಕೆ ಇಖ್ಲಾಸ್ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು.

ಉಮ್ ಫಹದ್ ಅವರು ಮಾತ್ರ ನನ್ನತ್ತ ಪೂರ್ತಿ ತಿರುಗಿ ಕೂತರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದುಕೊಂಡೆ. ಅವರು, "ಅಂದ್ರ ನೀ ಆ ಪರಿ ಬೈತಿದ್ದದ್ದು ಗಂಡಗ?" ಎಂದರು. ಹೌದೆಂದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಸ್ವಲ್ಪ ಗೌರವವಿತ್ತೆಂದು ನನ್ನ ನಂಬಿಕೆ.

ಇನ್ನು ತಡೆಯಲಾರದೆ ನಾನೇ, ಇನ್ನು ಮುಂದೆ ನನ್ನನ್ನು ಉಮ್ ಎಂದು ಕರೆಯಬೇಡಿ, ಆ ಮಾತಿಗೆ ನನ್ನಲ್ಲಿ ಆಧಾರವಿಲ್ಲ ಎಂದೆ. ಇಖ್ಲಾಸ್ ಅದನ್ನೂ ಹೇಳಿದಳು. ಉಮ್ ಫಹದ್ ಅವರು ಬಟ್ಟಲು ಕೆಳಗಿಟ್ಟು, ಎಲ್ಲರನ್ನೂ ಒಮ್ಮೆ ನೋಡಿ, "ಯಾಕ? ನಮ್ಮ ಫಹದ್‌ನ ಯಾರರ ನೋಡೀರೇನು?" ಎಂದು ಕೇಳಿದರು.

ಯಾರೂ ನೋಡಿರಲಿಲ್ಲ. ಒಂಬತ್ತು ವರ್ಷದಿಂದ ಅದೇ ಕಟ್ಟಡದಲ್ಲಿರುವ ಉಮ್ ಸಿರಾಜ್ ಅವರು, ಫಹದ್ ದಮ್ಮಾಮಿನಲ್ಲಿ ದೊಡ್ಡ ನೌಕರಿಯಲ್ಲಿದ್ದಾನೆಂದೂ ಬಿಡುವು ಸಿಗದೆ ಬರುತ್ತಿಲ್ಲವೆಂದೂ ನಂಬಿಕೊಂಡಿದ್ದರು.

"ನನ್ನ ನಿಖಾ ಆದ ದಿನಾನ ನಮ್ಮತ್ತಿ ಉಮ್ ಫಹದ್ ಅಂತ ಕರದ್ಳು, ಹುಟ್ಟಾಂವ ಹುಟ್ತಾನ ಅಂತ. ನಾಕು ಹೆಣ್ಣು ಹುಟ್ಟಿದ್ವು. ಫಹದ್ ಬರ್ಲಿಲ್ಲ. ಅದಕ್ಕಂತ ಹೆಸರು ವಾಪಸ್ ಕೊಡಾಕ ಬರ್ತೈತೇನು? ಅಂವ ನಲವತ್ತು ವರ್ಷ ತಡಾ ಮಾಡ್ಯಾನ. ಅದು ಅಂವನ ತಪ್ಪು, ನಂದಲ್ಲ" ಎಂದರು ಉಮ್ ಫಹದ್. ಹಾಗೆಂದು ಖಾಲಿ ಬಟ್ಟಲನ್ನು ನನ್ನತ್ತ ಚಾಚಿದರು, ತುಂಬಲೆಂದು. ನಾನು ತುಂಬಿದೆ, ಅರ್ಧ ಬಟ್ಟಲಿಗೆ, ಅರ್ಧ ಜಮಖಾನೆಗೆ. ಆಮೇಲೆ ಅವರು ನನ್ನ ಕೈಯಿಂದ ಹೂಜಿ ತೆಗೆದುಕೊಂಡು ನನಗೊಂದು ಬಟ್ಟಲು ಹಾಕಿ, ಮುಜೀಬ ಗಂಡನಾಗಿ ಹೋದ, ನೀನು ಬೇರೆ ಹೆಸರು ಆರಿಸಿಕೊಳ್ಳಬೇಕು ಎಂದರು. ಇಲ್ಲಿ ಹಿರಿಮಗನಿಗೆ ತಾತನ ಹೆಸರಿಡುವುದು ಪದ್ಧತಿಯಂತೆ. ನನ್ನ ಮಾವನವರ ಹೆಸರು ದಸ್ತಗೀರ್. ಆ ಲೆಕ್ಕದಲ್ಲಿ ಗಂಡನ ತಾಯಿಯಾಗಿದ್ದ ನಾನು ಈಗ ಮಾವನ ತಾಯಿಯಾಗಿ ಬಡ್ತಿ ಪಡೆಯಬೇಕಾಗುತ್ತದೆ. ಯೋಚಿಸಲು ಸಮಯ ಕೇಳಿದ್ದೇನೆ. ಕೊಟ್ಟಿದ್ದಾರೆ.

ಹೀಗಿರುವಲ್ಲಿ, ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ನನ್ನ ಗಂಡ ಬದುಕಿದ್ದಾರೆಂದು ಒಂದು ಪ್ರಮಾಣಪತ್ರವನ್ನು ಗುಂಯ್‌ಗುಡದೆ ದಯಪಾಲಿಸಬೇಕು. ಅವರ ವಯಸ್ಸಿನಲ್ಲಿ ತಾವು ಕಡಿಮೆ ಮಾಡಿಕೊಟ್ಟ ಒಂಬತ್ತು ವರ್ಷಗಳನ್ನು ವಾಪಸ್ ಪಡೆಯಬೇಕು. ಕನ್ನಡಿಯ ಮುಂದೆ ಅವರು ನಿಲ್ಲುವ ಹೊತ್ತು ಇತ್ತೀಚೆಗೆ ಹೆಚ್ಚಾಗಿದೆ. ವಿಧವೆಯ ಲೆಕ್ಕದಲ್ಲಿ ನಾನು ತಿಂದ ಕುರಿಮಾಂಸದ ಅನ್ನವನ್ನು ಹೆಂಡತಿಯ ಲೆಕ್ಕಕ್ಕೆ ವರ್ಗಾಯಿಸಿ, ಆ ಸರಬರಾಜು ಮುಂದುವರಿಯುವಂತೆ ನೋಡಿಕೊಳ್ಳಬೇಕು. ನನ್ನ 'ರೀ' ಎಂಬುದನ್ನು ಅದರ ಪೂರ್ತಿ ಮರ್ಯಾದೆಯೊಡನೆ ಮೂರೂ ಮಹಡಿಗಳಿಗೆ ಒಮ್ಮೆಯಾದರೂ ತಲುಪಿಸಬೇಕು. ಮತ್ತು ಕೊನೆಯದಾಗಿ, ಯಾರಾದರೂ ಮತ್ತೆ ಗೇಟಿನಿಂದ ಯಾರ ತಾಯಿ ಎಂದು ಕೇಳಿದರೆ, ತಾವು ತಮ್ಮ ಪ್ರಸಿದ್ಧವಾದ ಆ 'ಉಮ್ಮ್' ಅನ್ನು ಎಷ್ಟು ಸಾಧ್ಯವೋ ಅಷ್ಟು ಉದ್ದ ಎಳೆಯಬೇಕು. ಉತ್ತರ ಹುಡುಕಲು ನನಗೆ ಸಮಯ ಬೇಕಾಗುತ್ತದೆ, ಅವಸರವಿಲ್ಲ.

ಇಷ್ಟನ್ನು ನಡೆಸಿಕೊಡುವಿರೆಂದು ನಂಬಿದ, ನಂಬುವುದನ್ನು ತಮ್ಮಿಂದಲೇ ಬಿಡಲು ಕಲಿತ,

ತಮ್ಮ ವಿಶ್ವಾಸಿ,
ತಸ್ಲೀಮಾ
ಮೂರನೇ ಮಹಡಿ, ಎಡಗಡೆ

ತಾ.ಕ.: ಮೇಲಿನದನ್ನು ಬರೆದು ಮುಗಿಸುವಷ್ಟರಲ್ಲಿ ಉಮ್ ಫಹದ್ ಅವರು ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲು ಆದೇಶಿಸಿರುವ ಸುದ್ದಿ ಬಂದಿದೆ. ತಮ್ಮ ಜಾಗಕ್ಕೆ ಬರುವವರಿಗೆ ಕ್ಯಾಮೆರಾ ಇದೆಯಂತೆ, ಗೇಟಿನಲ್ಲಿ ನಿಂತವರ ಮುಖ ಎಲ್ಲ ಮನೆಗಳಲ್ಲೂ ಕಾಣುವುದಂತೆ. ಕಣ್ಣಿಲ್ಲದೆ ತಾವು ಒಂದು ಮದುವೆಯನ್ನು ಇಷ್ಟು ದೂರ ತಂದಿರಿ; ಕಣ್ಣಿರುವವರು ಎಲ್ಲಿಗೆ ಒಯ್ಯುತ್ತಾರೋ ನೋಡಬೇಕು. ಇಖ್ಲಾಸ್ ತರಬೇತಿಯ ಅರ್ಜಿ ಕಳಿಸಿದ್ದಾಳೆ. ಉಮ್ ಸಿರಾಜ್ ಅವರು ಮುಜೀಬರಿಗೆ ತಮ್ಮಂದಿರು ಎಷ್ಟು ಜನ ಎಂದು ನಿನ್ನೆ ಮೆಟ್ಟಿಲಲ್ಲಿ ವಿಚಾರಿಸಿದರು. ಎಲೆಕ್ಟ್ರಿಶಿಯನ್ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಾನೆ.